ಕೀಬೋರ್ಡಿಗೆ ಆದಿತ್ಯವಾರದ ಎಣ್ಣೆ

ನನ್ನ ಮಾವನ ಪ್ರಕಾರ ಜಗತ್ತಿನಲ್ಲಿ ಎರಡೇ ಜಾತಿಯ ವಸ್ತುಗಳಿದ್ದವು: ಎಣ್ಣೆ ಹಾಕಿ ಆದವು, ಇನ್ನು ಹಾಕಬೇಕಾದವು. ಆದಿತ್ಯವಾರ ಬೆಳಿಗ್ಗೆ ತಲೆಗೆ ತೆಂಗಿನೆಣ್ಣೆ ತಿಕ್ಕಿಕೊಂಡು, ಅದೇ ಬಾಟಲಿ ಹಿಡಿದು ಡೊಂಬಿವಲಿಯ ಎಂಐಡಿಸಿ ಎಂಬ ಫ್ಯಾಕ್ಟರಿಗಳ ಏರಿಯಾದಲ್ಲಿದ್ದ ನಮ್ಮ ಮನೆಯಿಡೀ ಒಂದು ಸುತ್ತು ಬರುತ್ತಿದ್ದರು. ಬಾಗಿಲಿನ ಬಿಜಾಗರಿ, ಕಿಟಕಿಯ ಚಿಲಕ, ಹೊಲಿಗೆ ಮೆಷಿನು, ಕೊನೆಗೆ ಅವರದೇ ಎರಡು ಮೊಣಕಾಲು. ಎಣ್ಣೆಸ್ನಾನ ಅಂದರೆ ನಮ್ಮ ಮನೆಯಲ್ಲಿ ಮನುಷ್ಯರಿಗೆ ಮಾತ್ರ ಅಲ್ಲ.

ಅದಕ್ಕೆ ಕಾರಣವೂ ಇತ್ತು. ಮೂವತ್ತು ವರ್ಷ ಅವರು ಥಾಣೆಯ ವರ್ತಕ ನಗರದಲ್ಲಿ ನಮ್ಮ ಹೋಟೆಲಿನ ಅಡುಗೆಮನೆ ನೋಡಿಕೊಂಡವರು. ಹಿಟ್ಟು ರುಬ್ಬುವ ಗ್ರೈಂಡರಿಗೆ ಮೆಷಿನ್ ಎಣ್ಣೆ ಹಾಕಿದರೆ ಒಂದು ತೊಟ್ಟು ಹಿಟ್ಟಿಗೆ ಬಿದ್ದು ದೋಸೆಯೆಲ್ಲ ಗ್ಯಾರೇಜು ನಾತ. ತೆಂಗಿನೆಣ್ಣೆ ಬಿದ್ದರೆ ಗಿರಾಕಿ ಇನ್ನೊಂದು ದೋಸೆ ಕೇಳುತ್ತಾನೆ. ಒಲೆಯ ಪಕ್ಕದ ಆ ಸೆಕೆಯಲ್ಲಿ ಗ್ರೈಂಡರು ಒಮ್ಮೆಯೂ ಕೈಕೊಡಲಿಲ್ಲ. ಹಾಗಾಗಿ ಯಾವ ಮೆಷಿನೇ ಆಗಲಿ, ಅದಕ್ಕೆ ತೆಂಗಿನೆಣ್ಣೆಯೇ ಮದ್ದು ಎಂದು ಅವರು ನಂಬಿದ್ದರು. ಆ ಸೆಕೆಯ ವಿಷಯ ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗ್ತದೆ.

ಎರಡು ಸಾವಿರದ ಐದೋ ಆರೋ ಇರಬೇಕು. ಉಡುಪಿಯಿಂದ ಮದುವೆಯಾಗಿ ಬಂದ ನಾನು ಆಗ ನವಿ ಮುಂಬಯಿಯ ವಾಶಿಯಲ್ಲಿ ಒಂದು ಕಂಪನಿಗೆ ಹೋಗುತ್ತಿದ್ದೆ. ಎಲ್ಲಿಯೋ ಇರುವ ಡಾಕ್ಟರುಗಳು ತಮ್ಮ ರೋಗಿಗಳ ಬಗ್ಗೆ ಮಾತಾಡಿ ಕಳಿಸಿದ್ದನ್ನು ಹೆಡ್‌ಫೋನಿನಲ್ಲಿ ಕೇಳುತ್ತ ಟೈಪ್ ಮಾಡುವ ಕೆಲಸ. ಟೆಂಪರರಿ. ಡಿಸೆಂಬರಿನಲ್ಲಿ ಪರೀಕ್ಷೆ, ಪಾಸಾದರೆ ಪರ್ಮನೆಂಟ್, ಫೇಲಾದರೆ ಮನೆಗೆ. ಮನೆಗೆ ಅಂದರೆ ಮನೆಗಲ್ಲ, ವರ್ತಕ ನಗರಕ್ಕೆ. ಹೋಟೆಲನ್ನು ಆಗ ನೋಡಿಕೊಳ್ಳುತ್ತಿದ್ದ ಗಂಡನ ಅಣ್ಣ ನನ್ನನ್ನು ಕೌಂಟರಿನಲ್ಲಿ ಕೂಪನ್ ಹರಿಯಲು ಕೂರಿಸುವುದೆಂದು ನಿಶ್ಚಯಿಸಿ ಆಗಿತ್ತು. ಅವರ ಹೆಂಡತಿ, ನನಗೆ ಅಕ್ಕ, ಆ ಕುರ್ಚಿಗೆ ನನ್ನ ಅಳತೆಯ ಒಂದು ಮೆತ್ತೆಯನ್ನೂ ಹೊಲಿದಿಟ್ಟಿದ್ದರು. ಭಾವ ಒಳ್ಳೆಯವರೇ. ಆದರೆ ನಾನೇ ಹುಡುಕಿ, ನಾನೇ ಇಂಟರ್‌ವ್ಯೂ ಕೊಟ್ಟು ಪಡೆದದ್ದು ಅದೊಂದೇ ಕೆಲಸ. ಅದನ್ನು ಬಿಟ್ಟು ಆ ಮೆತ್ತೆಯ ಮೇಲೆ ಕೂರಲು ನಾನು ತಯಾರಿರಲಿಲ್ಲ. ಮನೆಯಲ್ಲಿ ನನ್ನ ಪರವಾಗಿ ನಿಂತದ್ದು ಮಾವ ಒಬ್ಬರೇ. ಗಂಡ ಯಾವಾಗಲೂ ಹಾವೂ ಸಾಯಬಾರದು, ಕೋಲೂ ಮುರಿಯಬಾರದು ಎನ್ನುವ ಪಕ್ಷ.

ಗಂಡನಿಂದ ಆದ ಒಂದೇ ಉಪಕಾರ ಆ ಕೀಬೋರ್ಡು. ಅವರ ಫ್ಯಾಕ್ಟರಿಯಲ್ಲಿ ಗುಜರಿಗೆ ಹಾಕಿದ್ದನ್ನು ಕೇಳಿ ತಂದಿದ್ದರು. ಹಳೆಯ ಕಾಲದ್ದು, ತೂಕ ದೋಸೆ ಕಾವಲಿಯಷ್ಟು. ಸಾಧಾರಣ ಕೀಬೋರ್ಡಿನೊಳಗೆ ಒಂದು ರಬ್ಬರ್ ಹಾಳೆ ಇರುತ್ತದೆ, ಒತ್ತಿದರೆ ಹಳಸಿದ ಇಡ್ಲಿ ಒತ್ತಿದ ಹಾಗೆ. ಇದರಲ್ಲಿ ಪ್ರತಿಯೊಂದು ಕೀಯ ಕೆಳಗೂ ಒಂದು ಪುಟ್ಟ ಡಬ್ಬಿ, ಅದಕ್ಕೆ ಸ್ವಿಚ್ ಎನ್ನುತ್ತಾರೆ. ಅದರೊಳಗೆ ಜಾರುವ ಒಂದು ಕಡ್ಡಿ, ಒಂದು ಸ್ಪ್ರಿಂಗು, ಒಂದಕ್ಕೊಂದು ತಾಗುವ ಎರಡು ಲೋಹದ ಎಲೆ. ಒತ್ತಿದರೆ ಟಕ್ ಎಂದು ಬೆರಳನ್ನು ಮೇಲಕ್ಕೆ ಕಳಿಸಿಕೊಡುತ್ತಿತ್ತು. ನನಗೆ ಅದರಲ್ಲಿ ಬರುವ ವೇಗ ಬೇರೆ ಯಾವುದರಲ್ಲೂ ಬರುತ್ತಿರಲಿಲ್ಲ. ಪಕ್ಕದ ಮನೆಯ ಮರಾಠಿ ಅಜ್ಜಿ ಮಾತ್ರ, ಇಷ್ಟೊಂದು ಸಾಸಿವೆ ಸಿಡಿಯುತ್ತದಲ್ಲ, ದಿನಾ ಯಾರಿಗೆ ಊಟ ಎಂದು ಗಂಡನನ್ನು ಕೇಳಿದ್ದರಂತೆ.

ಸ್ವಿಚ್ಚಿಗೂ ಮುಪ್ಪು ಬರುತ್ತದೆ. ಇಂಗ್ಲಿಷಿನಲ್ಲಿ ಅತಿ ಹೆಚ್ಚು ದುಡಿಯುವ ಅಕ್ಷರ ‘ಇ’. ಅದರ ಗುರುತು ಅಳಿಸಿ, ಸ್ಪ್ರಿಂಗು ಸೋತು, ಒತ್ತಿದರೆ ನಿಟ್ಟುಸಿರು ಬಿಟ್ಟು ಏಳುತ್ತಿತ್ತು. ಶಿಫ್ಟ್ ಕೀ ಒತ್ತಿದಾಗಲೆಲ್ಲ ಕುಂಯ್. ಎಂಐಡಿಸಿಯ ಗಾಳಿಯೂ ಗೊತ್ತಲ್ಲ, ಬೆಳಿಗ್ಗೆ ಒರೆಸಿದ ಕಿಟಕಿ ಮಧ್ಯಾಹ್ನಕ್ಕೆ ಕಪ್ಪು. ಆ ಮಸಿಯೆಲ್ಲ ಕೀಬೋರ್ಡಿಗೂ ಇಳಿಯುತ್ತಿತ್ತು. ಹಾಗಾಗಿ ತಿಂಗಳಿಗೊಮ್ಮೆ ನಾನು ಕೀಗಳ ಟೊಪ್ಪಿಗಳನ್ನು ಹೇರ್‌ಪಿನ್ನಿನಿಂದ ಕಿತ್ತು, ಸೋಪು ನೀರಿನಲ್ಲಿ ತೊಳೆದು, ಬಾಲ್ಕನಿಯಲ್ಲಿ ಪೇಪರ್ ಹಾಸಿ ಸಂಡಿಗೆಯ ಹಾಗೆ ಒಣಗಿಸುತ್ತಿದ್ದೆ. ಒಮ್ಮೆ ಒಂದು ಕಾಗೆ ಎಫ್ ಹನ್ನೆರಡನ್ನು ಕಚ್ಚಿಕೊಂಡು ಹೋಯಿತು. ನಾನು ಬೊಬ್ಬೆ ಹಾಕಿದರೆ ಮಾವ ಗಂಭೀರವಾಗಿ, ಪಿತೃಗಳು ಯಾರೋ ಟೈಪಿಂಗ್ ಕಲಿಯಲು ಆಸೆಪಟ್ಟಿರಬೇಕು, ಬಿಡು ಎಂದರು. ಅಲ್ಲಿ ಇವತ್ತಿಗೂ ಬರೀ ಕಡ್ಡಿ.

ಪರೀಕ್ಷೆ ಸೋಮವಾರ ಇತ್ತು. ಹಿಂದಿನ ದಿನ ಮಧ್ಯಾಹ್ನ ಅಭ್ಯಾಸಕ್ಕೆ ಕೂತರೆ ಶಿಫ್ಟಿನ ಕುಂಯ್ ಮಾವನ ಕಿವಿಗೆ ಬಿತ್ತು. ಎಣ್ಣೆ ಬಾಟಲಿ, ಕಸ ಗುಡಿಸುವ ಹಿಡಿಸೂಡಿಯ ಒಂದು ಕಡ್ಡಿ ಹಿಡಿದು ಬಂದೇಬಿಟ್ಟರು. ನಾನು ಬೇಡ ಅನ್ನಲಿಲ್ಲ, ಅದು ನನ್ನ ತಪ್ಪು. ಟೊಪ್ಪಿಗಳನ್ನೆಲ್ಲ ಕಿತ್ತು, ನೂರಾ ಒಂದು ಸ್ವಿಚ್ಚಿಗೂ ಕಡ್ಡಿಯಿಂದ ಒಂದೊಂದು ತೊಟ್ಟು ಬಿಟ್ಟರು. ಜನ್ಮದಲ್ಲಿ ಯಾರೂ ಒತ್ತದ ಸ್ಕ್ರೋಲ್ ಲಾಕಿಗೆ ಯಾಕೆ ಮಾವ ಎಂದು ಕೇಳಿದ್ದಕ್ಕೆ, ಪಂಕ್ತಿಯಲ್ಲಿ ಕೂತವರನ್ನು ಬಿಟ್ಟು ಮುಂದೆ ಬಡಿಸಬಾರದು ಎಂದರು. ಆಮೇಲೆ ಒತ್ತಿ ನೋಡಿದರೆ ಕುಂಯ್ ಇಲ್ಲ, ಮುದಿ ‘ಇ’ ಕೂಡ ಹರೆಯ ಬಂದ ಹಾಗೆ ಏಳುತ್ತಿತ್ತು. ಕೋಣೆಯೊಳಗೆ ಒಳ್ಳೆಯ ಬಿಸಿಲು ಬಿದ್ದಿತ್ತು. ಇನ್ನು ನಿನ್ನನ್ನು ಹಿಡಿಯುವವರಿಲ್ಲ ಎಂದು ಮಾವ ಹೇಳಿದರು, ನಾನೂ ನಂಬಿದೆ.

ಸೋಮವಾರ ಬೆಳಿಗ್ಗೆ ಕೀಬೋರ್ಡನ್ನು ಮಾವನ ಹಳೆಯ ಬೈರಾಸಿನಲ್ಲಿ ಸುತ್ತಿಕೊಂಡು ಹೊರಟೆ. ಡೊಂಬಿವಲಿಯಿಂದ ಥಾಣೆ, ಅಲ್ಲಿ ಇಳಿದು ವಾಶಿಯ ಗಾಡಿ. ಲೇಡಿಸ್ ಡಬ್ಬಿಯಲ್ಲಿ ಎದುರು ಕೂತವಳು ನನ್ನ ತೊಡೆಯ ಮೇಲಿನ ಗಂಟನ್ನು ಮಣೆ ಎಂದುಕೊಂಡು, ಕೇಳದೆಯೇ ಅದರ ಮೇಲೆ ಹಸಿ ಬಟಾಣಿ ಸುರಿದು ಸುಲಿಯತೊಡಗಿದಳು. ಬೇರೆ ದಿನವಾದರೆ ಜಗಳ ಆಗುತ್ತಿತ್ತು, ನನ್ನ ಸಿಟ್ಟು ಮೂಗಿನ ತುದಿಯಲ್ಲೇ ಇರುವುದು. ಅವತ್ತು ಒಳ್ಳೆಯ ದಿನ ಹಾಳಾಗುವುದು ಬೇಡವೆಂದು ನಾನೂ ನಾಲ್ಕು ಸುಲಿದುಕೊಟ್ಟೆ.

ಪರೀಕ್ಷೆಯ ಕೋಣೆಯಲ್ಲಿ ಎಸಿ ಎಷ್ಟು ಜೋರಾಗಿತ್ತೆಂದರೆ ಸೂಪರ್‌ವೈಸರ್ ಮ್ಯಾಡಮ್ ಸ್ವೆಟರ್ ಹಾಕಿಕೊಂಡಿದ್ದರು. ಕಂಪ್ಯೂಟರುಗಳಿಗೆ ಸೆಕೆ ಆಗಬಾರದಂತೆ. ಸ್ವಂತ ಕೀಬೋರ್ಡ್ ತರಬಹುದು, ಆದರೆ ಶುರುವಾದ ಮೇಲೆ ಬದಲಿಸುವಂತಿಲ್ಲ, ಅದಕ್ಕೆ ಕಂಪ್ಯೂಟರನ್ನೇ ಬಂದ್ ಮಾಡಬೇಕಾಗುತ್ತದೆ. ಒಂದು ಗಂಟೆಯೊಳಗೆ ಒಬ್ಬ ರೋಗಿಯ ಇಡೀ ಕಥೆ ಕೇಳಿ ಟೈಪ್ ಮಾಡಿ ಮುಗಿಸಬೇಕು.

ಮೊದಲ ಹತ್ತು ನಿಮಿಷ ಓಡಿದ್ದೇ ಓಡಿದ್ದು. ಆಮೇಲೆ ಕೆಳಗೆ ಹೋದ ‘ಇ’ ಮೇಲೆ ಬರಲು ಯೋಚನೆ ಮಾಡತೊಡಗಿತು. ಶಿಫ್ಟ್ ಕಚ್ಚಿಕೊಂಡು ರೋಗಿಯ ಹೊಟ್ಟೆನೋವೆಲ್ಲ ದೊಡ್ಡ ಅಕ್ಷರದಲ್ಲಿ ಬಂತು. ಅದನ್ನು ಅಳಿಸೋಣವೆಂದು ಬ್ಯಾಕ್‌ಸ್ಪೇಸ್ ಒತ್ತಿದರೆ ಅದು ಕೆಳಗೇ ಕೂತುಬಿಟ್ಟಿತು. ಕೂತು, ನಾನು ಬರೆದದ್ದನ್ನೆಲ್ಲ ಹಿಂದಿನಿಂದ ತಿನ್ನತೊಡಗಿತು. ಮೊದಲು ಲಿವರ್ ಹೋಯಿತು, ಆಮೇಲೆ ಎರಡೂ ಕಿಡ್ನಿ, ಆಮೇಲೆ ಹೊಟ್ಟೆನೋವು. ನಾನು ಗಾಬರಿಯಲ್ಲಿ ಕೀಯನ್ನು ಉಗುರಿನಿಂದ ಎಬ್ಬಿಸುವಷ್ಟರಲ್ಲಿ ರೋಗಿ ಗಂಡಸು ಎಂಬ ಒಂದು ಮಾತು ಬಿಟ್ಟು ಬೇರೇನೂ ಉಳಿದಿರಲಿಲ್ಲ. ಅಳಿಸಿದ್ದನ್ನು ವಾಪಸ್ ತರಿಸುವ ಉಪಾಯವೂ ಉಂಟು, ಆದರೆ ಅದಕ್ಕೆ ಕಂಟ್ರೋಲ್ ಕೀ ಕೆಲಸ ಮಾಡಬೇಕಲ್ಲ.

ಟೊಪ್ಪಿ ಕಿತ್ತು ನೋಡಿದೆ. ಒಳಗೆ ಬೆಳ್ಳಗೆ, ಗಟ್ಟಿಯಾಗಿ, ತುಪ್ಪದ ಹಾಗೆ. ಚಳಿಗೆ ತೆಂಗಿನೆಣ್ಣೆ ಹೆಪ್ಪುಗಟ್ಟಿತ್ತು. ಪ್ರತಿ ಡಿಸೆಂಬರಿನಲ್ಲಿ ಎಣ್ಣೆ ಬಾಟಲಿಯನ್ನು ಬಿಸಿನೀರಿನಲ್ಲಿಟ್ಟು ಕರಗಿಸಿ ತಲೆಗೆ ಹಾಕಿಕೊಂಡವಳು ನಾನು, ನನಗೂ ಹೊಳೆಯಲಿಲ್ಲವಲ್ಲ. ಒಳಗೊಳಗೇ ಮಾವನಿಗೆ ಬೈದೆ. ಗ್ರೈಂಡರಿಗೂ ಬೈದೆ. ಕಣ್ಣೆದುರು ಆ ಮೆತ್ತೆ ಬಂದು ನಿಂತಿತು, ಅದರ ಮೇಲೆ ಅಕ್ಕ ಗುಲಾಬಿ ಹೂವಿನ ಕಸೂತಿ ಬೇರೆ ಹಾಕಿದ್ದರು.

ಆ ಕಾಲದ ಮಾನಿಟರುಗಳೆಂದರೆ ಗೂನು ಬೆನ್ನಿನ ದೊಡ್ಡ ಡಬ್ಬಗಳು, ಮೇಲೆ ಕೈಯಿಟ್ಟರೆ ಒಳ್ಳೆಯ ಬಿಸಿ. ಕೀಬೋರ್ಡನ್ನು ಎತ್ತಿ ಅದರ ಬೆನ್ನ ಮೇಲೆ ಕವುಚಿ ಹಾಕಿದೆ. ಮ್ಯಾಡಮ್ ಓಡಿ ಬಂದರು, ಅಡಿಯಲ್ಲಿ ಚೀಟಿ ಇದೆಯೆ ಎಂದು ಅವರ ಅನುಮಾನ. ಇದಕ್ಕೆ ಚಳಿ ಹಿಡಿದಿದೆ ಎಂದು ಹಿಂದಿಯಲ್ಲಿ ಹೇಳಿದೆ, ಬೇರೆ ಏನೂ ತೋಚಲಿಲ್ಲ. ಅವರು ಕೀಗಳ ಮಧ್ಯೆ ಬೆರಳಾಡಿಸಿ, ಬೆರಳು ಮೂಸಿ, ಅಸಲಿ ಎಣ್ಣೆ, ಊರಿಂದ ತರಿಸಿದ್ದಾ ಎಂದು ಕೇಳಿದರು. ಹೌದು ಎಂದೆ. ಬೆರಳನ್ನು ತಮ್ಮ ಜಡೆಗೆ ಒರೆಸಿಕೊಂಡು ಹೋದರು.

ಆಮೇಲಿನದ್ದು ಟೈಪಿಂಗ್ ಅಲ್ಲ, ದೋಸೆ ಹೊಯ್ಯುವ ಕೆಲಸ. ಸ್ವಲ್ಪ ಕಾಯಿಸುವುದು, ಕೆಳಗಿಳಿಸಿ ಕರಗಿರುವಷ್ಟು ಹೊತ್ತು ಬಡಿಯುವುದು, ಮತ್ತೆ ಮಗುಚಿ ಮೇಲೇರಿಸುವುದು. ಕೊನೆಯ ಸುತ್ತಿಗೆ ಕೀಬೋರ್ಡನ್ನು ತೊಡೆಯ ಮೇಲಿಟ್ಟು, ದುಪಟ್ಟಾ ಹೊದಿಸಿ, ಅದರೊಳಗೆ ಕೈ ತೂರಿಸಿ ಟೈಪ್ ಮಾಡಿದೆ. ಗಂಟೆ ಮುಗಿಯುವಾಗ ರೋಗಿಯ ಲಿವರ್, ಕಿಡ್ನಿ ಎಲ್ಲ ಸ್ವಸ್ಥಾನ ಸೇರಿದ್ದವು. ಮಧ್ಯಾಹ್ನ ಬೋರ್ಡಿಗೆ ಹಾಕಿದ ಪಟ್ಟಿಯಲ್ಲಿ ಪಾಸಾದವರ ಪೈಕಿ ಕಟ್ಟಕಡೆಯ ಹೆಸರು ನನ್ನದು.

ಪಾಸಾದೆನೆಂದು ಸಿಟ್ಟೇನೂ ಇಳಿಯಲಿಲ್ಲ. ಮೆಟ್ಟಿಲಿಳಿಯುತ್ತ ಮಾವನಿಗೆ ಏನೇನು ಹೇಳಬೇಕೆಂದು ಒಂದೊಂದಾಗಿ ಜೋಡಿಸಿಕೊಂಡೆ. ಗೇಟಿಗೆ ಬಂದರೆ ವಾಚ್‌ಮನ್ನನ ಸ್ಟೂಲಿನ ಮೇಲೆ ಮಾವನೇ ಕೂತಿದ್ದಾರೆ. ತೊಡೆಯ ಮೇಲೆ, ಮೊಣಕಾಲಿಗೆ ಶಾಖ ಕೊಡುವ ಅವರ ಕೆಂಪು ರಬ್ಬರ್ ಚೀಲ, ಶಾಲಿನಲ್ಲಿ ಸುತ್ತಿದ್ದು.

ಬೆಳಿಗ್ಗೆ ಸ್ನಾನಕ್ಕೆ ಹೋದವರು ಮೊಣಕಾಲಿಗೆ ಹಚ್ಚಲೆಂದು ಬಾಟಲಿ ಓರೆ ಮಾಡಿದರೆ ಒಂದು ತೊಟ್ಟೂ ಬೀಳಲಿಲ್ಲವಂತೆ. ಆಗ ತಲೆಗೆ ಹೊಳೆದು ನನಗೆ ಫೋನ್ ಮಾಡಿದ್ದಾರೆ, ನನ್ನ ಮೊಬೈಲು ಪರೀಕ್ಷೆಗೆಂದು ಬಂದ್. ಚೀಲಕ್ಕೆ ಬಿಸಿನೀರು ತುಂಬಿ, ಕ್ಯಾಲೆಂಡರಿನಲ್ಲಿ ನಾನು ಬರೆದಿಟ್ಟ ಆಫೀಸಿನ ವಿಳಾಸದ ಹಾಳೆ ಹರಿದುಕೊಂಡು ಹೊರಟರಂತೆ. ಮೊಣಕಾಲು ಕೈಕೊಟ್ಟ ಮೇಲೆ ಎರಡು ವರ್ಷ ಡೊಂಬಿವಲಿ ಸ್ಟೇಷನ್ನಿನ ಮೆಟ್ಟಿಲು ಹತ್ತದ ಮನುಷ್ಯ. ವಾಚ್‌ಮನ್ ಒಳಗೆ ಬಿಡದೆ ಸ್ಟೂಲು ಮಾತ್ರ ಕೊಟ್ಟಿದ್ದ. ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು ಅನ್ನುತ್ತಾರಲ್ಲ, ಆ ಒಲೆ ನನ್ನೆದುರು ಸ್ಟೂಲಿನ ಮೇಲೆ ಕೂತಿತ್ತು.

“ಗಟ್ಟಿ ಆಯ್ತಾ ಮಗಾ?” ಎಂದು ಕೇಳಿದರು.

ಜೋಡಿಸಿಟ್ಟ ಬೈಗುಳವೆಲ್ಲ ಎಲ್ಲಿ ಹೋಯಿತೋ. ಆ ಮುಖ ನೋಡಿ ನನಗೆ ಅಳುವೇ ಬಂತು. “ಇಲ್ಲ ಮಾವ, ಎಂಥದೂ ಆಗ್ಲಿಲ್ಲ,” ಎಂದೆ. “ನಿಮ್ಮ ಎಣ್ಣೆಯಿಂದಲೇ ಪಾಸಾದೆ.”

ಅವರು ನನ್ನನ್ನೊಮ್ಮೆ ಮೇಲಿಂದ ಕೆಳಗೆ ನೋಡಿ ಚೀಲವನ್ನು ನನ್ನ ಕೈಗೆ ಕೊಟ್ಟರು. ಅದು ಪೂರ್ತಿ ತಣ್ಣಗಾಗಿತ್ತು.

ಆ ಸುಳ್ಳಿಗೆ ನಾನು ತೆತ್ತ ದಂಡ ಸಣ್ಣದಲ್ಲ. ಮುಂದಿನ ಆದಿತ್ಯವಾರದಿಂದ ಕೀಬೋರ್ಡು ಮಾವನ ಎಣ್ಣೆಯ ಸುತ್ತಿಗೆ ಸೇರಿತು. ನನ್ನ ಆರ್ಡರ್ ಕೈಗೆ ಬರುವ ಮೊದಲೇ ಅದು ಪರ್ಮನೆಂಟ್ ಆಗಿಹೋಯಿತು. ಬೇಡ ಎಂದರೆ ಸುಳ್ಳು ಬಯಲಾಗುತ್ತದೆ. ಹಾಗೇ ಬಿಟ್ಟರೆ ಆಫೀಸಿನ ಎಸಿಯಲ್ಲಿ ಮತ್ತೆ ರೋಗಿಗಳ ಲಿವರ್ ಹೋಗುತ್ತದೆ. ಅದಕ್ಕೆ ಸೋಮವಾರ ಬೆಳಿಗ್ಗೆ ಅವರು ಸ್ನಾನಕ್ಕೆ ಹೋದ ಕೂಡಲೇ ನಾನು ಮೆಡಿಕಲಿನಿಂದ ತಂದ ಸ್ಪಿರಿಟ್ಟಿನಲ್ಲಿ ಹತ್ತಿ ಅದ್ದಿ ಒಂದೊಂದು ಸ್ವಿಚ್ಚನ್ನೂ ಒರೆಸುತ್ತಿದ್ದೆ. ಹತ್ತಿ ಕಪ್ಪಾಗಿ ಬಂದರೆ ಎಣ್ಣೆ ಹೋಯಿತೆಂದು ಸಮಾಧಾನ. ಇದೆಂಥ ವಾಸನೆ ಎಂದು ಮಾವ ಕೇಳಿದರೆ ಎಂಐಡಿಸಿಯ ಗಾಳಿ ಎನ್ನುತ್ತಿದ್ದೆ. ನಮ್ಮ ಕಡೆ ಯಾವ ವಾಸನೆಗೂ ಆ ಉತ್ತರ ನಡೆಯುತ್ತದೆ.

ಮಧ್ಯೆ ‘ಇ’ಯ ಸ್ವಿಚ್ಚು ಪೂರ್ತಿ ಸತ್ತುಹೋಯಿತು. ಥಾಣೆ ಸ್ಟೇಷನ್ ಹತ್ತಿರದ ರಿಪೇರಿಯವನು ಸ್ಕ್ರೋಲ್ ಲಾಕಿನ ಸ್ವಿಚ್ಚನ್ನು ಕಿತ್ತು ಅದರ ಜಾಗಕ್ಕೆ ಬೆಸೆದುಕೊಟ್ಟ. ಯಾರೂ ಒತ್ತದೆ ಉಳಿದದ್ದಲ್ಲವೆ, ಹೊಸದರ ಹಾಗೇ ಇತ್ತು. ಅವತ್ತು ಪಂಕ್ತಿಯಲ್ಲಿ ಬಡಿಸಿದ್ದು ಈಗ ಉಪಯೋಗಕ್ಕೆ ಬಂತು ನೋಡು ಎಂದು ಮಾವ ವಾರವಿಡೀ ಬೀಗಿದರು.

ಹೀಗೆ ಆರೇಳು ವರ್ಷ ನಡೆಯಿತು. ಆಮೇಲೊಂದು ಡಿಸೆಂಬರಿನ ಆದಿತ್ಯವಾರ, ಆ ವರ್ಷ ಚಳಿ ಜಾಸ್ತಿ, ನಾನು ಚಾ ಕೊಡಲು ಹೋದೆ. ಮಾವ ಕೀಬೋರ್ಡನ್ನು ಮುಂದಿಟ್ಟುಕೊಂಡು ಕಡ್ಡಿಯನ್ನು ಬಾಟಲಿಗೆ ಅದ್ದುವುದು, ಸ್ವಿಚ್ಚಿಗೆ ಮುಟ್ಟಿಸುವುದು ಮಾಡುತ್ತಿದ್ದರು. ಅದ್ದಿದಾಗಲೆಲ್ಲ ಬಾಟಲಿಯಿಂದ ಟಕ್ ಟಕ್ ಎಂದು ಸದ್ದು. ಬಗ್ಗಿ ನೋಡಿದೆ. ಎಣ್ಣೆ ಬೆಳ್ಳಗೆ ಕಲ್ಲಿನ ಹಾಗೆ ಹೆಪ್ಪುಗಟ್ಟಿದೆ, ಮೇಲೆ ಒಂದು ಗೀರೂ ಇಲ್ಲ. ಕಡ್ಡಿಯ ತುದಿ ಮುಟ್ಟಿದೆ, ಒಣಗಿದ ಕಡ್ಡಿ.

ಯಾವಾಗಿನಿಂದ ಹೀಗೆ ಎಂದು ಕೇಳಿದೆ. ವಾಶಿಯ ಗೇಟಿನಿಂದ ಎಂದರು. ಅವತ್ತು ನನ್ನ ದುಪಟ್ಟಾದ ತುಂಬ ಎಣ್ಣೆಯ ಕಲೆ ಇತ್ತಂತೆ, ನೋಡಿದ ಕೂಡಲೇ ಗೊತ್ತಾಯಿತಂತೆ. ಸೆಕೆಗಾಲದಲ್ಲಿ ಕಡ್ಡಿಯನ್ನು ಎಣ್ಣೆಗೆ ತಾಗದ ಹಾಗೆ ಬಾಟಲಿಯ ಬಾಯಲ್ಲೇ ಆಡಿಸುತ್ತಿದ್ದರಂತೆ. ಅಂದರೆ ಮೊದಲ ಸಲದ್ದೊಂದು ಬಿಟ್ಟರೆ, ಆರೇಳು ವರ್ಷ ಸೋಮವಾರ ಸೋಮವಾರ ನಾನು ಒರೆಸಿದ್ದು ಬರೀ ಎಂಐಡಿಸಿಯ ಮಸಿ. ನಗಬೇಕೋ ಬೈಯಬೇಕೋ ತಿಳಿಯದೆ, ಹಾಗಾದರೆ ವಾರ ವಾರ ಈ ನಾಟಕ ಯಾಕೆ ಎಂದು ಸ್ವಲ್ಪ ಜೋರಾಗಿಯೇ ಕೇಳಿದೆ.

“ನಾನು ನಿಲ್ಲಿಸಿದ್ರೆ ನೀನು ಹೇಳಿದ ಸುಳ್ಳು ಹಾಳಾಗ್ತದಲ್ಲ ಮಗಾ,” ಎಂದು ಹೇಳಿ, ಒಣ ಕಡ್ಡಿ ಹಿಡಿದು ಅವರು ಮುಂದಿನ ಸ್ವಿಚ್ಚಿಗೆ ಹೋದರು.