ಉಡಿದಾರದ ಮೊಳೆ

ನಂಬಿ ಎಂದು ನಾನು ಯಾರ ಕೈಕಾಲನ್ನೂ ಹಿಡಿಯುವುದಿಲ್ಲ. ನನ್ನ ಎಡಭುಜ ಇವತ್ತಿಗೂ ಪೂರ್ತಿ ಮೇಲೇಳುವುದಿಲ್ಲ. ನನ್ನ ಮಟ್ಟಿಗೆ ಅಷ್ಟು ಸಾಕ್ಷಿ ಸಾಕು.

ಹುಣಸೂರಿನ ಒಂದು ಸ್ಕ್ಯಾನಿಂಗ್ ಸೆಂಟರಿನಲ್ಲಿ ಎಂಆರ್‌ಐ ಯಂತ್ರ ನಡೆಸುವುದು ನನ್ನ ಕೆಲಸ. ಕಳೆದ ಮಳೆಗಾಲದ ಒಂದು ರಾತ್ರಿ, ಎಂಟರ ಹೊತ್ತಿಗೆ, ವೀರನಹೊಸಹಳ್ಳಿ ಕಡೆಯ ಸಿದ್ದಮ್ಮ ಎಂಬ ಅಜ್ಜಿ ಐದು ವರ್ಷದ ಮೊಮ್ಮಗಳು ಸಿಂಚನಾಳನ್ನು ಹೊತ್ತು ತಂದಳು. ಮೂತ್ರದ ಸೋಂಕು, ಬಿಡದ ಜ್ವರ. ಕಿಡ್ನಿಯಲ್ಲಿ ಕೀವು ಕಟ್ಟಿದೆಯೋ ಇಲ್ಲವೋ ಅಂದೇ ಗೊತ್ತಾಗಬೇಕಿತ್ತು. ತಡವಾದರೆ ಮಗು ಉಳಿಯುವುದು ಕಷ್ಟ ಎಂದು ಡಾಕ್ಟರು ಫೋನಿನಲ್ಲಿ ಹೇಳಿದ್ದರು.

ಮಗುವಿನ ಉಡಿದಾರದಲ್ಲಿ ಬೆರಳುದ್ದದ ಕಬ್ಬಿಣದ ಮೊಳೆ ಕಟ್ಟಿತ್ತು, ಗಾಳಿಗೀಳಿ ಸೋಕದಿರಲಿ ಎಂದು. ನಾನು ಕತ್ತರಿ ತೆಗೆದೆ.

"ಬ್ಯಾಡ ಕಣಪ್ಪಾ! ಕಬ್ಬುಣ ಇಲ್ದಂಗೆ ಮಗೂನ ಆ ಬಿಲದೊಳಕ್ಕೆ ಬುಡ್ತೀಯಾ?"

"ಅಜ್ಜೀ, ಅದು ದೊಡ್ಡ ಅಯಸ್ಕಾಂತ. ಈ ಮೊಳೆ ಗುಂಡಿನಂಗೆ ಹಾರಿ ಮಗೂಗೇ ಚುಚ್ಚುತ್ತೆ. ಸುಮ್ನಿರಿ!"

ರೇಗಿಬಿಟ್ಟೆ. ದಾರ ಕತ್ತರಿಸಿ ಮೊಳೆಯನ್ನು ಹೊರಗೆ ನನ್ನ ಮೇಜಿನ ಮೇಲಿಟ್ಟೆ. ಇಂಥ ನಂಬಿಕೆ ಕಂಡರೆ ನನಗೆ ಮೈ ಉರಿಯುತ್ತಿತ್ತು... ಈಗ ಸ್ವಲ್ಪ ಕಡಿಮೆಯಾಗಿದೆ.

ಮಗುವನ್ನು ಕಾಲು ಮುಂದಾಗಿ ಯಂತ್ರದೊಳಗೆ ಕಳಿಸಿದೆ. ಅಜ್ಜಿ ತಲೆಯ ಹತ್ತಿರ ನಿಂತಳು. ಧಡ್... ಧಡ್... ಧಡ್... ಗಾಜಿನಾಚೆ ಕೂತು ಪರದೆ ನೋಡಿದೆ. ಎಡ ಕಿಡ್ನಿಯಲ್ಲಿ ಬೆಳ್ಳಗೆ ಒಂದು ಮಚ್ಚೆ ಹೊಳೆಯಿತು. ಕೀವು! ಬೇಕಾದ ಚಿತ್ರ ಸಿಕ್ಕಿತು, ಯಂತ್ರ ನಿಲ್ಲಿಸಿದೆ.

ಸದ್ದು ನಿಲ್ಲಲಿಲ್ಲ.

"ಅಜ್ಜೀ... ಕಾಲು ಎಳೀತಾವ್ರೆ!" ಒಳಗಿನಿಂದ ಮಗು ಚೀರಿತು.

ಓಡಿದೆ. ಮಗು ಸರ್ರನೆ ಒಳಗೆ ಜಾರುತ್ತಿತ್ತು. ಕಂಕುಳಿಗೆ ಕೈಹಾಕಿ ಹಿಡಿದೆ. ಆ ಕಡೆಯಿಂದ ಒಂದೇ ಸಲ ಜಗ್ಗಿದ ರಭಸಕ್ಕೆ ನನ್ನ ಭುಜ ಲಟಕ್ಕೆಂದಿತು. ಹಣೆ ಯಂತ್ರಕ್ಕೆ ಬಡಿದು ರಕ್ತ ಕಣ್ಣಿಗಿಳಿಯಿತು. ಸುರಂಗದ ಆ ತುದಿಯಲ್ಲಿ ಬರೀ ಗೋಡೆ ಕಾಣುತ್ತಿತ್ತು... ಮತ್ತೆ ಕೂದಲು ಸುಟ್ಟ ವಾಸನೆ.

ತಿರುಗಿದರೆ ಅಜ್ಜಿ ಹೊರಗಿನಿಂದ ಮೊಳೆ ತಂದು ಬಾಗಿಲಲ್ಲಿ ನಿಂತಿದ್ದಳು.

"ತರಬೇಡಿ! ಮಗು ಸಾಯುತ್ತೆ!"

ಅವಳು ನುಗ್ಗಿಯೇ ಬಿಟ್ಟಳು. ಮೊಳೆ ಅವಳ ಅಂಗೈ ಸೀಳಿಕೊಂಡು ನಮ್ಮ ಕಡೆಗೆ ಹಾರಿತು. ಮಗುವಿನ ಮುಖದ ಮೇಲೆ ಕವುಚಿ ಬಿದ್ದು ಕಣ್ಣು ಮುಚ್ಚಿದೆ.

ಟಕ್!

ಎಳೆತ ನಿಂತಿತ್ತು, ಸದ್ದೂ ನಿಂತಿತ್ತು. ಮಗುವಿಗೆ ಏನೂ ತಗುಲಿರಲಿಲ್ಲ. ಮೊಳೆ ಯಂತ್ರಕ್ಕೂ ಅಂಟಿರಲಿಲ್ಲ... ನಮ್ಮ ಹಿಂದೆ, ಬಾಗಿಲ ಮರದ ಚೌಕಟ್ಟಿನಲ್ಲಿ ಅರ್ಧ ಇಳಿದಿತ್ತು. ಅಯಸ್ಕಾಂತ ಕಬ್ಬಿಣವನ್ನು ಎಳೆಯುತ್ತದೆ, ಎಸೆಯುವುದಿಲ್ಲ.

"ಸಿಕ್ತು ಬುಡಪ್ಪ," ಎಂದಳು ಅಜ್ಜಿ, ರಕ್ತದ ಕೈಯಲ್ಲೇ ಮೊಮ್ಮಗಳ ತಲೆ ಸವರುತ್ತಾ. "ಬಾಗ್ಲಲ್ಲಿ ಮೊಳೆ ಬಿತ್ತು ಅದ್ರ ಮೈಗೆ. ಕಿತ್ರೆ ಬುಡ್ಸ್ಕೊಂಡು ಬತ್ತದೆ, ಕೀಳಬ್ಯಾಡ."

ಅದೇ ರಾತ್ರಿ ಮೈಸೂರಿನಲ್ಲಿ ಕೀವು ತೆಗೆದರು. ಸಿಂಚನಾ ಈಗ ಸ್ಕೂಲಿಗೆ ಹೋಗುತ್ತಾಳೆ. ಮೊಳೆಯ ಮೇಲೆ ನಾನು ಒಂದು ಬೋರ್ಡು ತೂಗುಹಾಕಿ ಮುಚ್ಚಿದ್ದೆ, 'ಒಳಗೆ ಕಬ್ಬಿಣ ತರಬೇಡಿ' ಎಂದು.

ಇವತ್ತು ಸರ್ವಿಸಿಗೆ ಬಂದ ಇಂಜಿನಿಯರ್ ಬೋರ್ಡು ಸರಿಸಿ ನೋಡಿ ಬಾಯಿಗೆ ಬಂದಂತೆ ಬೈದ. ಮೊಳೆ ಕಿತ್ತು ಹಾಕದೆ ಇನ್ನು ಯಂತ್ರ ಶುರು ಮಾಡುವಂತಿಲ್ಲ. ಇಕ್ಕಳ ಹಿಡಿದು ಎರಡು ಸಲ ಬಾಗಿಲವರೆಗೆ ಹೋಗಿ ವಾಪಸ್ ಬಂದೆ.

ನಾಳೆ ಬೆಳಗ್ಗೆ ಮೊದಲ ಸ್ಕ್ಯಾನು ಪಿರಿಯಾಪಟ್ಟಣದ ಒಂದು ಮಗುವಿನದು.