ಅಣ್ಣನ ಪಿಕಪ್‌ಗೆ ಹೊಸ ಇಂಜೆಕ್ಟರ್

ತೀರಿಹೋದ ನಮ್ಮಣ್ಣನ ಪಿಕಪ್‌ಗೆ ಇವತ್ತು ಮದ್ದೂರಿನಲ್ಲಿ ಎಂಜಿನ್ನಿಗೆ ಡೀಸೆಲ್ ಚಿಮ್ಮಿಸುವ ಹೊಸ ಇಂಜೆಕ್ಟರ್ ಹಾಕಿಸಿದೆ ಗೆಳೆಯರೇ. ಎಳನೀರು ತುಂಬಿದರೆ ಗಾಡಿ ಎಳೆಯುತ್ತಿರಲಿಲ್ಲ. ಮೆಕ್ಯಾನಿಕ್ ರಫೀಕಣ್ಣ ಹಳೆಯವನ್ನು ಮಿಷನ್ನಿಗೆ ಹಾಕಿ ನೋಡಿದರು. ಒಂದರಲ್ಲಿ ಡೀಸೆಲ್ ತೊಟ್ಟಿಕ್ಕುತ್ತಿತ್ತು. ಎಳೆತ ಹೆಚ್ಚಲಿ, ದೊಡ್ಡದನ್ನೇ ಹಾಕಿ ಎಂದೆ.

“ತೀರಾ ದೊಡ್ಡದು ಬ್ಯಾಡ ಕಣ್ಲಾ, ಬರೀ ಹೊಗೆ ಬತ್ತದೆ. ಒಂದ್ ಸೈಜ್ ಮೇಲಿಂದು ಸಾಕು” ಎಂದರು. ಅದನ್ನೇ ಹಾಕಿಸಿದೆ. ಅಣ್ಣನ ಕಾಲದಿಂದಲೂ ಇದ್ದ ಎಂಜಿನ್ನಿನ ಕಟಕಟ ಸದ್ದು ನಿಂತೇ ಹೋಯಿತು.

ಸಂಜೆ ಯಲಿಯೂರಿನ ಮನೆಗೆ ಬಂದೆ. ದಿನಾ ಬಾಗಿಲಿಗೆ ಬರುವ ಅತ್ತಿಗೆ ಬರಲಿಲ್ಲ. ಒಳಗೆ ಹೋದರೆ, “ಯಾವಾಗ್ ಬಂದೆ? ಗಾಡಿ ಸದ್ದೇ ಕೇಳ್ನಿಲ್ಲ” ಎಂದರು.

“ರಿಪೇರಿ ಆಯ್ತು ಅತ್ಗೆ, ಇನ್ಮೇಲೆ ಸದ್ದಿರಲ್ಲ.”

ಅವರು ಹೊರಗೆ ನಿಂತಿದ್ದ ಗಾಡಿಯ ಕಡೆ ನೋಡಿದರು. “ಆ ಸದ್ದು ಕೇಳ್ದಾಗ ಒಂದ್ ಗಳಿಗೆ ನಿಮ್ಮಣ್ಣನೇ ಬಂದಂಗಾಯ್ತಿತ್ತು.”

ರಫೀಕಣ್ಣನಿಗೆ ಫೋನ್ ಮಾಡಿ, ಹಳೆಯವನ್ನೇ ವಾಪಸ್ ಹಾಕಿಕೊಡ್ತೀರಾ ಎಂದು ಕೇಳಿದೆ.

“ತಲೆ ಕೆಟ್ಟದಾ ನಿಂಗೆ?” ಎಂದರು.

ಕೆಟ್ಟಿರಬೇಕು.