ಗಸಿಯ ಉಂಡೆ

ಹತ್ತು ದಿನ ಕೂಡಿಟ್ಟ ಕೆನೆಯ ಡಬ್ಬಿಯ ಮುಚ್ಚಳ ತೆಗೆದರೆ ಸಾಕು, ನನ್ನ ಹೊಟ್ಟೆ ತೊಳಸತೊಡಗುತ್ತದೆ. ಮೊದಲು ಹುಳಿ, ಅದರ ಹಿಂದೆಯೇ ಹಸಿ ತೊಗಲಿನಂಥ ಒಂದು ವಾಸನೆ, ಕೊನೆಗೆ ಗಂಟಲಿಗೇ ಬಂದು ಕೂರುವ ಕಮಟು. ರಾಮನಗರದಲ್ಲಿ ರೇಷ್ಮೆ ಗೂಡು ಬೇಯಿಸುವ ಬೀದಿಯ ಪಕ್ಕದಲ್ಲೇ ನಮ್ಮ ಮನೆ. ಬಂದ ನೆಂಟರು ಮೂಗು ಮುಚ್ಚಿಕೊಂಡು ಕೂತಿದ್ದರೆ ನಾನು ಬಾಗಿಲಲ್ಲಿ ನಿಂತು ಆರಾಮಾಗಿ ಬೋಂಡ ತಿನ್ನಬಲ್ಲೆ. ಅಂಥವಳು ಈ ಡಬ್ಬಿಯೆದುರು ಸೋಲುತ್ತೇನೆ. ಸೋತರೂ ತಿಂಗಳಿಗೆ ಎರಡು ಮೂರು ಸಲ ಮೂಗಿಗೆ ಸೆರಗು ಕಟ್ಟಿಕೊಂಡು ಒಲೆಯ ಮುಂದೆ ನಿಲ್ಲಲೇಬೇಕು. ಹೋದ ವರ್ಷ ಡಾಕ್ಟರು ನನಗೆ ಹಾಲು, ಮೊಸರು, ಮಜ್ಜಿಗೆ, ಬೆಣ್ಣೆ ಎಲ್ಲವನ್ನೂ ಬಿಡಿಸಿದರು. ಕೊನೆಗೆ ಪಾಪ ಅನ್ನಿಸಿತೇನೋ, "ತುಪ್ಪ ಬೇಕಾದ್ರೆ ಒಂದು ಚಮಚ ತಿನ್ನಿ, ತಳದ ಗಸಿ ಮಾತ್ರ ಒಂದು ಚೂರೂ ಇರಬಾರದು" ಅಂದರು. ಅಂಗಡಿ ತುಪ್ಪವನ್ನು ನಾನು ನಂಬುವವಳಲ್ಲ. ಹಾಗಾಗಿ ನಮ್ಮ ಮನೆಯವರ ಕಾಫಿಗೆ ಬರುವ ಹಾಲಿನ ಕೆನೆಯೇ ಗತಿ.

ಬೆಣ್ಣೆ ಕರಗಿ, ನೊರೆಯೆದ್ದು, ಚಟಪಟ ಸದ್ದು ಅಡಗಿ, ತಳದಲ್ಲಿ ಗಸಿ ಕೆಂಪಗಾಗುವ ಹೊತ್ತಿಗೆ ನಾನು ನಮ್ಮಜ್ಜಿಯ ಅಡುಗೆಮನೆಯಲ್ಲಿರುತ್ತೇನೆ. ಹಾರೋಹಳ್ಳಿಯಿಂದ ಎರಡು ಮೈಲಿ ಒಳಗೆ ಇತ್ತು ಆ ಮನೆ. ಈಗ ಅಲ್ಲಿ ಯಾರದೋ ತಗಡಿನ ಗೋಡೌನು ನಿಂತಿದೆ, ನೋಡಿದರೆ ಮೈ ಉರಿಯುತ್ತದೆ. ಅಜ್ಜಿ ಬಾಣಲೆಗೆ ವೀಳ್ಯದೆಲೆ ಹರಿದು ಹಾಕಿ ತುಪ್ಪ ಇಳಿಸುವಾಗ ಮನೆಮಂದಿಯೆಲ್ಲ ಸುಮ್ಮನೆ ಅತ್ತ ಸುಳಿಯುತ್ತಿದ್ದರು. ಗಸಿ ಯಾರಿಗೆ ಅನ್ನುವುದು ಅಲ್ಲಿ ಸಣ್ಣ ಮಾತಾಗಿರಲಿಲ್ಲ. ಅಜ್ಜಿಗೆ ಯಾರ ಮೇಲೆ ಜೀವವೋ ಅವರಿಗೆ. ಗಸಿ ಉಳಿದ ಬಾಣಲೆಗೆ ಬಿಸಿ ಮುದ್ದೆಯ ತುಂಡೊಂದನ್ನು ಹಾಕಿ ಸುತ್ತಲೂ ಉಜ್ಜಿ, ಬೆಲ್ಲ ಸೇರಿಸಿ, ಉಂಡೆ ಕಟ್ಟಿ ತನ್ನ ಕೈಯಾರೆ ತಿನ್ನಿಸುತ್ತಿದ್ದಳು. ನಾನು ಸಣಕಲಿ, ಹಾಗಾಗಿ ಪ್ರತಿ ಸಲವೂ ನನಗೇ. "ಬಾಯ್ ತೆಗಿ ಮಗ, ಒಸಿ ತಿನ್ನು, ಮೈಗತ್ತುತ್ತೆ" ಅನ್ನುತ್ತಿದ್ದಳು. ನಿಮ್ಮ ಮನೆಯಲ್ಲೂ ಅಂಥದ್ದೊಂದು ಕೈ ಇದ್ದಿರಬೇಕು.

ಆ ಉಂಡೆ ನನ್ನ ಮೈಗೆ ಹತ್ತಲಿಲ್ಲ. ಗಂಟೆಯೊಳಗೆ ಹೊಟ್ಟೆ ನುಲಿದು, ತಿಪ್ಪೆಯ ಹಿಂದೆ ಕೂತು ಎಲ್ಲವನ್ನೂ ಕಕ್ಕುತ್ತಿದ್ದೆ. ಮೂಗಿನಲ್ಲೆಲ್ಲ ಬೆಲ್ಲ ಬೆರೆತ ಆ ಹುಳಿ. ಅಜ್ಜಿ ಕಣ್ಣೆಸರಾಗಿದೆಯೆಂದು ಉಪ್ಪು ಮೆಣಸಿನಕಾಯಿ ನಿವಾಳಿಸಿ ಒಲೆಗೆ ಹಾಕುತ್ತಿದ್ದಳು, ಮುಂದಿನ ಸಲ ಉಂಡೆಯನ್ನು ಇನ್ನೂ ದೊಡ್ಡದು ಮಾಡುತ್ತಿದ್ದಳು. ಹಾಲೇ ಆಗದ ಹೊಟ್ಟೆಯೂ ಇರುತ್ತದೆಂದು ನಮಗೆ ಯಾರಿಗೆ ಗೊತ್ತಿತ್ತು? ಎಂಟು ವರ್ಷದವಳಿದ್ದಾಗ ಒಂದು ದಿನ, ಉಂಡೆ ಬಾಯಿಯ ಹತ್ತಿರ ಬಂದಾಗ ತಡೆಯಲಾರದೆ ಅವಳ ಕೈಯನ್ನೇ ತಳ್ಳಿದೆ. ಯಾಕೆ ಬೇಡವೆಂದು ಹೇಳಲು ಬರಲಿಲ್ಲ, ಬಾಯಿಗೆ ಬಂದದ್ದನ್ನು ಅಂದುಬಿಟ್ಟೆ.

"ಥೂ, ಬ್ಯಾಡ ಹೋಗಜ್ಜಿ! ನಿನ್ ಕೈ ಸಗಣಿ ನಾತ ಹೊಡೀತೈತೆ."

ಚಿಕ್ಕವ್ವ ನನಗೆ ಹೊಡೆಯಲು ಕೈಯೆತ್ತಿದಳು. ಅಜ್ಜಿ ತಡೆದಳು. ತನ್ನ ಕೈಯನ್ನು ಮೂಗಿನ ಹತ್ತಿರ ಹಿಡಿದು ಮೂಸಿ, "ಊಂ ಕಣವ್ವ, ಇದ್ರೂ ಇರ್ಬೋದು. ಬೆಳಗಿಂದ ಕೊಟ್ಟಿಗೇಲೇ ಇದ್ನಲ್ಲ" ಅಂದಳು. ಕೈ ನಾರುತ್ತಿರಲಿಲ್ಲ. ತುಪ್ಪ ಕಾಯಿಸುವ ಮುಂಚೆ ಸೀಗೇಪುಡಿ ಹಾಕಿ ಮೊಳಕೈವರೆಗೂ ಉಜ್ಜಿ ತೊಳೆಯುತ್ತಿದ್ದವಳು ಅವಳು. ಆವತ್ತಿನಿಂದ ಅವಳು ನನಗೆ ತುತ್ತು ತಿನ್ನಿಸಲಿಲ್ಲ. ಸೌಟಿನಲ್ಲಿ ಬಡಿಸಿ ತಟ್ಟೆಯನ್ನು ನನ್ನತ್ತ ತಳ್ಳುತ್ತಿದ್ದಳು. ಕೋಪವಿರಲಿಲ್ಲ, ಮಾತಿನಲ್ಲಿ ಅದೇ ಅಕ್ಕರೆ. ನನಗೋ ಆಗ ಪೀಡೆ ತೊಲಗಿತೆಂಬ ಸಂತೋಷ.

ನನ್ನ ಮದುವೆಯ ಅರಿಶಿನದ ದಿನ ಮನೆಯ ಹಿರಿಯ ಮುತ್ತೈದೆಯೆಂದು ಅರಿಶಿನದ ಬಟ್ಟಲನ್ನು ಮೊದಲು ಅಜ್ಜಿಯ ಕೈಗೇ ಕೊಟ್ಟರು. ಅವಳು ನನ್ನ ಹತ್ತಿರ ಬಂದು, ಬಟ್ಟಲನ್ನು ಚಿಕ್ಕವ್ವನತ್ತ ಚಾಚಿದಳು. "ನೀನೇ ಹಚ್ಚವ್ವ. ನನ್ ಕೈ ಅವ್ಳಿಗಾಗಕಿಲ್ಲ." ಹದಿನಾಲ್ಕು ವರ್ಷ ಹೊಟ್ಟೆಯಲ್ಲಿಟ್ಟುಕೊಂಡಿದ್ದಳು. "ನೀನೇ ಹಚ್ಚಜ್ಜಿ" ಅನ್ನಬೇಕಿತ್ತು ನಾನು. ಅಷ್ಟು ಜನರ ಮುಂದೆ ನಾಚಿಕೆಯಾಯಿತು, ತಲೆ ತಗ್ಗಿಸಿ ಕೂತೆ. ಮರುವರ್ಷ ಅಜ್ಜಿ ಹೋದಳು.

"ಇದು ನಿಮಗೆ ಹುಟ್ಟಿದಾಗಿಂದ್ಲೂ ಇರಬೇಕು" ಎಂದು ಡಾಕ್ಟರು ಹೇಳಿದ ದಿನ ನನ್ನ ಮೇಲೆ ನನಗೇ ಹೇಸಿಗೆಯಾಯಿತು. ಹೊಟ್ಟೆಯದ್ದು ತಪ್ಪಲ್ಲ, ಗಸಿಯದ್ದೂ ಅಲ್ಲ. ಏನೂ ತಪ್ಪಿಲ್ಲದ ಆ ಕೈ ಮಾತ್ರ ತಪ್ಪು ಹೊತ್ತುಕೊಂಡು ಮಣ್ಣಿಗೆ ಹೋಯಿತು. ಈಗ ನಾನು ತುಪ್ಪವನ್ನು ತೆಳು ಬಟ್ಟೆಯಲ್ಲಿ ಮೂರು ಸಲ ಸೋಸುತ್ತೇನೆ. ಗಸಿಯನ್ನು ಬಟ್ಟೆಯಿಂದ ಹಿಂಡಿ, ಪೇಪರಿನಲ್ಲಿ ಸುತ್ತಿ ಕಸದ ಬುಟ್ಟಿಗೆ ಹಾಕುತ್ತೇನೆ. ಸೋಪು ಹಚ್ಚಿ ಕೈ ತೊಳೆಯುತ್ತೇನೆ, ಇನ್ನೊಂದು ಸಲ ತೊಳೆಯುತ್ತೇನೆ, ಆಮೇಲೆ ಮೂಗಿನ ಹತ್ತಿರ ಹಿಡಿದು ನೋಡುತ್ತೇನೆ. ನಾತ ಹೊಡೆಯುತ್ತಿರುತ್ತದೆ. ಅಜ್ಜಿಯ ಕೈ ಒಂದು ದಿನವೂ ಹೀಗೆ ನಾರಿರಲಿಲ್ಲ.